ನನ್ನ ಬಗ್ಗೆ ಮೇಷ್ಟ್ರು ಬರೆದದ್ದು

"ಇದು ನಿನ್ನದು, ಕೂತು ಓದು" ಎಂದು ಅಮೆರಿಕದ ನನ್ನ ವಿಶ್ವವಿದ್ಯಾಲಯದ ಆಫೀಸಿನ ಹೆಂಗಸು ನನ್ನ ಫೈಲನ್ನು ಮೇಜಿನ ಮೇಲಿಟ್ಟು ಕಾಫಿ ತರಲು ಹೊರಟೇಹೋದಳು. ನಮ್ಮ ಕಡೆಯವರು ನಂಬಲಿಕ್ಕಿಲ್ಲ. ಎಪ್ಪತ್ತರ ದಶಕದ ಕೊನೆಯ ಮಾತಿದು. ವಿದ್ಯಾರ್ಥಿ ತನ್ನ ಬಗ್ಗೆ ವಿಶ್ವವಿದ್ಯಾಲಯ ಇಟ್ಟುಕೊಂಡ ದಾಖಲೆಯನ್ನು ಕೇಳಿದರೆ ತೋರಿಸಲೇಬೇಕೆಂಬ ಕಾನೂನು ಅಮೆರಿಕದಲ್ಲಿ ಬಂದು ಕೆಲವೇ ವರ್ಷವಾಗಿತ್ತು. ಕಡೂರಿನಲ್ಲಿ ಓದುವಾಗ ನನ್ನ ಪ್ರಾಕ್ಟಿಕಲ್ ಅಂಕ ನೋಡಬೇಕೆಂದಿದ್ದಕ್ಕೆ ಗುಮಾಸ್ತರು, "ನೋಡೋಕೆ ನೀನ್ಯಾವ ಅಮಲ್ದಾರ್ ಮಗಳೇ?" ಎಂದು ಎಲ್ಲರನ್ನೂ ನಗಿಸಿದ್ದರು.

ನಾನು ಅಜ್ಜಂಪುರದ ಹತ್ತಿರದ ಹಳ್ಳಿಯೊಂದರ ಕೇರಿಯವಳು. ಅಪ್ಪ ಬೀರೂರಿನಲ್ಲಿ ರೈಲು ಹಳಿಯ ಗ್ಯಾಂಗ್‌ಮನ್. ಅಮೆರಿಕದಲ್ಲಿ ನನ್ನ ಅಡ್ವೈಸರ್, ಅಂದರೆ ನಮ್ಮಲ್ಲಿ ಗೈಡ್ ಅನ್ನುವವರು, ಇಡೀ ವರ್ಷ ನನ್ನ ಕೈಲಿ ಗಾಜಿನ ಸಾಮಾನು ತೊಳೆಸಿದರು. ಜೊತೆಗೆ ಸೇರಿದವರಿಗೆಲ್ಲ ಸಂಶೋಧನೆಯ ಕೆಲಸ. ನನ್ನ ಭಾಷೆಯೇ ಸಾಲದೇನೋ ಎಂದು ರೂಮಿನಲ್ಲಿ ಒಬ್ಬಳೇ ಒಣ ಬ್ರೆಡ್ ತಿನ್ನುತ್ತ ಇಂಗ್ಲಿಷನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. ಕೊನೆಗೆ ಕಾರಣ ತಿಳಿಯಲೆಂದೇ ಫೈಲು ಕೇಳಿದ್ದು.

ಅದರಲ್ಲಿ ಕಡೂರಿನಲ್ಲಿ ನನಗೆ ಕೆಮಿಸ್ಟ್ರಿ ಹೇಳಿಕೊಟ್ಟ ಮೇಷ್ಟ್ರ ಶಿಫಾರಸು ಪತ್ರವಿತ್ತು. "ಈಕೆಯ ಜಾತಿಯವರಲ್ಲಿ ಸ್ವಂತ ಬುದ್ಧಿ ನಿರೀಕ್ಷಿಸಲಾಗದು. ಬಾಯಿಪಾಠ ಮಾಡುತ್ತಾಳೆ. ತೊಳೆಯುವ, ಬಳಿಯುವ ಕೆಲಸ ಮಾತ್ರ ಅಚ್ಚುಕಟ್ಟು." ನನ್ನ ರೆಕಾರ್ಡ್ ಪುಸ್ತಕದಲ್ಲಿ 'ಶಾಬಾಷ್' ಎಂದು ಬರೆದದ್ದೂ ಅದೇ ಕೈ.

ಅದೇ ಕಾನೂನು ಕೊಟ್ಟ ಹಕ್ಕಿನಂತೆ ಆ ಪತ್ರಕ್ಕೆ ನನ್ನ ಉತ್ತರವನ್ನೂ ಬರೆದು ಫೈಲಿಗೆ ಸೇರಿಸಿದೆ. ಅಡ್ವೈಸರ್ ಓದಿ "ಸಾರಿ" ಎಂದರು. ಅಷ್ಟರಲ್ಲಿ ಆ ವರ್ಷದ ಸಂಶೋಧನೆಯ ಕೆಲಸ ಬೇರೆಯವರ ಪಾಲಾಗಿತ್ತು. ಮರುವರ್ಷ ಲ್ಯಾಬಿನಲ್ಲಿ ನನಗೂ ಒಂದು ಮೇಜು ಸಿಕ್ಕಿತು.

ರಜೆಗೆ ಊರಿಗೆ ಬಂದಾಗ ಅಪ್ಪ ಬಿಡದೆ ತರೀಕೆರೆಗೆ, ಮೇಷ್ಟ್ರ ಮನೆಗೆ, ಕರೆದೊಯ್ದ. ತಾನು ಜಗಲಿಯ ಕೆಳಗೇ ಕೈಮುಗಿದು ನಿಂತು, "ಕಾಲಿಗ್ ಬೀಳವ್ವ" ಎಂದ.

"ನಾನ್ ಬರ್ದಿದ್ದಕ್ಕಲ್ವೇನಮ್ಮ ಅಲ್ಲಿ ಸೀಟ್ ಸಿಕ್ಕಿದ್ದು?" ಎಂದರು ಮೇಷ್ಟ್ರು.

"ಅದನ್ನ ಓದ್ದೆ ಸಾರ್."

ಅವರ ಮುಖ ಬಿಗಿಯಿತು. "ನಿನ್ ಕೈಗ್ಯಾರು ಕೊಟ್ರು ಅದನ್ನ?"

"ಕೇಳಿದ್ರೆ ಕೊಡ್ಲೇಬೇಕು ಸಾರ್. ಅಲ್ಲಿ ಕಾನೂನಿದೆ."

"ಹಂಗಾದ್ರೆ ಇನ್ಮೇಲೆ ನಿಮ್ಮೋರ್ ಯಾರ್ಗೂ ಬರ್ಕೊಡಲ್ಲ, ಹೋಗು" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಬಸ್ಸಿನಲ್ಲಿ ಅಪ್ಪ ಕೇಳಿದ: "ಏನ್ ಬರ್ದಿದ್ರವ್ವ ಅವ್ರು?"

"ಒಳ್ಳೇದೇ ಬರ್ದಿದ್ರು ಕಣಪ್ಪ."

"ಮತ್ಯಾಕ್ ಸಿಟ್ಟಾದ್ರು? ನೀನೇ ಏನೋ ಮರ್ಯಾದೆ ತಪ್ಪಿ ಮಾತಾಡ್ದೆ."

ನಾನು ಹೊರಡುವ ದಿನ ಬೀರೂರು ಸ್ಟೇಷನ್ನಿನಲ್ಲಿ, ರೈಲು ಕಾಣಿಸಿದ ಮೇಲೆ ಅಪ್ಪ ಕೇಳಿದ: "ಅಲ್ಲೇ ಇದ್ಬಿಡ್ತೀಯೇನವ್ವ?"

"ಗೊತ್ತಿಲ್ಲ ಕಣಪ್ಪ" ಎಂದೆ. ಆ ಸಲ ಅವನಿಗೆ ನಾನು ಹೇಳಿದ್ದರಲ್ಲಿ ಅದೊಂದೇ ನಿಜ.