ಬಾಗಿಲು ಕಾಯುವ ಕುಶಲಕ್ಕ

ಉರ್ವದ ಕುಶಲಕ್ಕನ ಕುರ್ಚಿ ಈಗ ಸೊಸೆಯ ಕೋಣೆಯ ಬಾಗಿಲಲ್ಲೇ. ಮೊಮ್ಮಗಳ ತೂಕ ಏರದಿದ್ದಾಗ ನರ್ಸ್ ಹೇಳಿದ್ದರು: "ಮೊದಲು ಬರುವ ಹಾಲು ನೀರು ನೀರು, ಕೊಬ್ಬಿನಂಶ ಜಾಸ್ತಿ ಇರುವುದು ಕೊನೆಗೆ. ನೋಡಲು ಬಂದವರ ಕೈಗೆ ಕೊಡ್ಲಿಕ್ಕೆಂದು ಮಗುವನ್ನು ಅರ್ಧಕ್ಕೆ ಬಿಡಿಸಬೇಡಿ." ಅಂದಿನಿಂದ ಕುಶಲಕ್ಕನದು ಪೊಲೀಸ್ ಪಹರೆ. ಹಾರ್ನ್ ಹಾಕುವ ಮೀನಿನವನಿಗೆ, "ಮೆಲ್ಲ ಮಾರಾಯ, ಒಳಗೆ ಊಟ ಆಗ್ತಾ ಉಂಟು!" ಡಬ್ಬಿ ಹಾಲು ಕುಡಿದು ದುಂಡಗಾದ ಪಕ್ಕದ ಮನೆಯ ಮಗುವನ್ನು ಹೊಗಳುವವರಿಗೆ ಅಂಗಳದಲ್ಲೇ ಬೀಳ್ಕೊಡುಗೆ. ಚಹಾ ಕೇಳಿದ ಮಗ ಗೌರವನಿಗೆ ಸ್ಟವ್‌ನ ದಾರಿ. ಸೊಸೆ ಏಳಹೊರಟರೆ, "ಕೂತ್ಕೋ ಚೈತಾಲಿ, ಮಗುವೇ ಬಿಡಲಿ." ಮೊನ್ನೆ ಮಗುವಿನ ತೂಕ ಚೆನ್ನಾಗಿ ಏರಿತು, ಆದರೂ ಕುಶಲಕ್ಕ ಕುರ್ಚಿ ಬಿಟ್ಟಿಲ್ಲ. ಗೌರವನಿಗೆ ಹಾಲೂಡಿಸುವ ಕಾಲದಲ್ಲಿ ಕುಶಲಕ್ಕನನ್ನು ಅರ್ಧಕ್ಕೆ ಎಬ್ಬಿಸಲು ಮನೆತುಂಬ ಜನರಿದ್ದರು. ಬಾಗಿಲು ಕಾಯಲು ಯಾರೂ ಇರಲಿಲ್ಲ.