ಹುಳ ಹಣ್ಣಾದ ದಿನದ ವೋಟು

ನನ್ನ ತವರು ಕಾರವಾರ. ಕೆಂಚಾರ್ಲಹಳ್ಳಿ ಕಡೆಗೆ ಸೊಸೆಯಾಗಿ ಬರುವ ತನಕ ರೇಷ್ಮೆಹುಳವನ್ನು ಕಣ್ಣಲ್ಲೂ ಕಂಡವಳಲ್ಲ. ಅದು ಹಣ್ಣಾಯಿತೆಂದರೆ, ಅಂದರೆ ಸೊಪ್ಪು ತಿನ್ನುವುದು ಬಿಟ್ಟು ಗೂಡು ಕಟ್ಟಲು ಹೊರಟರೆ, ಕೂಡಲೇ ಆರಿಸಿ ಚಂದ್ರಿಕೆಯೆಂಬ ಬಿದಿರಿನ ತಟ್ಟೆಗೆ ಬಿಡಬೇಕು. ತಡವಾದರೆ ಬೆಳೆ ಕೆಟ್ಟಿತು.

ಕಳೆದ ಲೋಕಸಭೆ ಚುನಾವಣೆಯ ದಿನವೇ ನಮ್ಮ ಹುಳ ಹಣ್ಣಾಯಿತು. ನನ್ನ ಕೈ ಈಗ ಓಡುವುದಿಲ್ಲ. ಆರಿಸುವುದೆಲ್ಲ ಸೊಸೆ ಮಂಜುಳ. ವೋಟು ಹಾಕಲು ಇಬ್ಬರೂ ಹೋದಾಗ ಶಾಲೆಯ ಮುಂದಿನ ಉದ್ದ ಸಾಲು ನೋಡಿ ಅವಳು, "ನೀವು ಹಾಕಿ ಬನ್ನಿ ಅತ್ತೆ, ಈ ಸಲ ನಂಗೆ ವೋಟು ಬೇಡ," ಎಂದು ಹೊರಟೇಬಿಟ್ಟಳು.

ಅಷ್ಟರಲ್ಲಿ ಪೊಲೀಸಿನವರು ಕರೆದರು. "ಅಜ್ಜಿ, ವಯಸ್ಸಾದೋರು ಮುಂದೆ ಬನ್ನಿ."

ಹೊರಟವಳ ಕೈ ಹಿಡಿದು ನಿಲ್ಲಿಸಿದೆ. "ನನ್ನ ಬದಲು ಇವಳನ್ನ ಬಿಡಪ್ಪ. ಮನೇಲಿ ಹುಳ ಹಣ್ಣಾಗಿದೆ."

"ಹುಳಕ್ಕೆಲ್ಲ ರೂಲ್ಸ್ ಇಲ್ಲಮ್ಮ. ಸಾಲಲ್ಲಿರೋರು ಒಪ್ತಾರಾ?"

ಸಾಲಿನಲ್ಲಿ ಮೊದಲು ನಿಂತಿದ್ದವಳು ರತ್ನಮ್ಮ. ಪಂಚಾಯ್ತಿ ಚುನಾವಣೆಯ ಜಗಳದಿಂದ ನಮ್ಮ ಮನೆಯವರ ಜೊತೆ ಮಾತು ಬಿಟ್ಟವಳು. ನಮ್ಮ ವೋಟು ಯಾರಿಗೆಂದು ಅವಳಿಗೆ ಚೆನ್ನಾಗಿ ಗೊತ್ತು. ನನ್ನ ಮುಖ ನೋಡದೆಯೇ ಹೇಳಿದಳು: "ಪೋನೀ, ಹೋಗ್ಲಿ ಬಿಡಿ ಸಾರ್. ಹುಳ ಹಣ್ಣಾದೋರ್ನ ನಿಲ್ಲಿಸ್ಕೊಂಡ್ರೆ ನಮಗೂ ಒಳ್ಳೇದಾಗಲ್ಲ. ಹೋಗೇ ಮಂಜುಳ, ಬೇಗ ನಮ್ಮ ವಿರುದ್ಧ ಒತ್ತಿ ಮನೆಗೆ ಹೋಗು."

ಸಾಲಿಗೆ ಸಾಲೇ ನಕ್ಕಿತು. ಮಂಜುಳ ವೋಟು ಹಾಕಿ, ಬೆರಳಿನ ಶಾಯಿ ಆರುವ ಮೊದಲೇ ಮನೆಗೆ ಓಡಿದಳು.

ಗೆದ್ದದ್ದು ರತ್ನಮ್ಮನ ಕಡೆಯವರು. ನಮ್ಮ ಗೂಡಿಗೂ ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆ ಬಂತು. ಸಂತೋಷಕ್ಕೆ ಒಬ್ಬಟ್ಟು ಮಾಡಿ ಅವಳ ಮನೆಗೆ ಕೊಟ್ಟು ಬಂದೆ. ನಾನು ಪಕ್ಷ ಬದಲಿಸಿದೆನೆಂದು ಊರವರು ಇವತ್ತಿಗೂ ನಂಬಿದ್ದಾರೆ.