ಕಳೆದದ್ದು ಫೋನಂತೆ

ನನ್ನ ಅಣ್ಣನ ಮಗಳು ಮನೆ ಬಿಟ್ಟು ಹೋದಾಗ ಅವಳ ಸೋದರಮಾವ ಪೊಲೀಸರ ಬಳಿ ಹೋಗಿ, ‘ನನ್ನ ಫೋನು ಕಳೆದುಹೋಗಿದೆ’ ಎಂದು ದೂರು ಕೊಟ್ಟ. ಹುಡುಗಿ ಎನ್ನಲಿಲ್ಲ, ಫೋನು ಎಂದ. ಈ ಮಾತು ಹೇಳುವಾಗ ಈಗಲೂ ನನ್ನ ದನಿ ಏರುತ್ತದೆ. ಏರಲಿ ಬಿಡಿ. ಆಂಧ್ರದ ಗಡಿಯ ಆದೋನಿಯ ಕೋರ್ಟಿನಲ್ಲಿ ಕರಿಕೋಟು ಹಾಕಿಕೊಂಡು ತೆಲುಗಿನಲ್ಲಿ ವಾದಿಸಿ, ಮನೆಗೆ ಬಂದು ಕನ್ನಡದಲ್ಲಿ ಬೈಯುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಮೆತ್ತಗೆ ಮಾತಾಡುವ ವಕೀಲರು ಬೇಕೆನ್ನುವವರಿಗೆ ನಮ್ಮ ಕೋರ್ಟಿನಲ್ಲಿ ಬೇರೆ ಬೇಕಾದಷ್ಟು ಜನರಿದ್ದಾರೆ.

ನಮ್ಮೂರು ಕೌತಾಳಂ ಕಡೆಯದು. ನಮ್ಮಲ್ಲಿ ಹೆಣ್ಣು ಕೂಸು ಹುಟ್ಟಿದ ದಿನವೇ ತಾಯಿಯ ತಮ್ಮನನ್ನು ಹಿಡಿದು, ‘ನಿನ್ನ ಹೇಣ್ತಿ ಹುಟ್ಟ್ಯಾಳ ನೋಡಪಾ’ ಎಂದು ನಗುತ್ತಾರೆ. ನಗೆಯ ಮಾತೇ, ಆದರೆ ಅದು ಕೂಸಿನ ಜೊತೆ ಅದೇ ಮನೆಯಲ್ಲಿ ಬೆಳೆಯುತ್ತದೆ. ಹೆಣ್ಣನ್ನು ಬೇರೆ ಕಡೆ ಕೊಡುವುದಾದರೂ ಸೋದರಮಾವನ ಕೈಗೆ ಎಲೆ ಅಡಿಕೆ ಕೊಟ್ಟು ‘ಕೊಡ್ಲೇನಪಾ’ ಎಂದು ಕೇಳಲೇಬೇಕು. ಕೂಸನ್ನು ಮಾತ್ರ ಯಾರೂ ಏನೂ ಕೇಳುವುದಿಲ್ಲ. ನನಗೂ ಒಬ್ಬ ಸೋದರಮಾವನಿದ್ದ. ಅವನು ಬೇರೆ ಯಾರನ್ನೋ ಕಟ್ಟಿಕೊಂಡದ್ದು ನನ್ನ ಪುಣ್ಯ. ನನ್ನ ಬಾಯಿ ನೋಡಿದರೆ ಅವನದೂ ಪುಣ್ಯವೇ.

ನಮ್ಮ ಹುಡುಗಿಯ ಸೋದರಮಾವ, ಎಂದರೆ ನನ್ನ ಅತ್ತಿಗೆಯ ತಮ್ಮ, ದುಷ್ಟನೇನಲ್ಲ. ಗೊಬ್ಬರದ ಅಂಗಡಿ ಇಟ್ಟಿದ್ದಾನೆ, ಕುಡಿಯುವುದಿಲ್ಲ, ಯಾರ ಮನೆಯಲ್ಲಿ ಏನೇ ಆದರೂ ಮೊದಲು ಓಡಿಬರುತ್ತಾನೆ. ಅಣ್ಣನ ಮನೆಯ ಸಿಮ್ಮುಗಳೆಲ್ಲ ಅವನ ಹೆಸರಿನಲ್ಲೇ ಇದ್ದವು. ಸಿಮ್ಮು ಕೊಳ್ಳಲು ಹೋದರೆ ಮೆಷಿನ್ನಿನ ಮೇಲೆ ಬೆರಳು ಒತ್ತಬೇಕಲ್ಲ? ನಮ್ಮವ್ವ ಜೀವಮಾನವೆಲ್ಲ ಹತ್ತಿ ಬಿಡಿಸಿ ಬೆರಳ ಗೆರೆ ಸವೆಸಿಕೊಂಡವಳು, ಅವಳದು ಮೂಡಲೇ ಇಲ್ಲ. ಅಣ್ಣನಿಗೆ ಹೊಲ ಬಿಟ್ಟು ಬರುವ ಪುರಸೊತ್ತಿಲ್ಲ. ಹುಡುಗಿಗೆ ಆಗ ಹದಿನೆಂಟು ತುಂಬಿರಲಿಲ್ಲ. ಹೀಗಾಗಿ ಎಲ್ಲರ ಪರವಾಗಿ ಇವನೇ ಹೋಗಿ ಬೆರಳೊತ್ತಿ ಬಂದ. ‘ಈ ಮನ್ಯಾಗ ಯಾರು ಮಾತಾಡಬೇಕಂದ್ರೂ ನನ್ನ ಹೆಬ್ಬಟ್ಟು ಬೇಕು ನೋಡ್ರಿ’ ಎಂದು ನಗಿಸುತ್ತಿದ್ದ. ನಾವೂ ನಕ್ಕೆವು. ನಮ್ಮ ಕಡೆ ಯಾರ ಮನೆಗೆ ಹೋದರೂ ಇದೇ ಪಾಡು, ಸಿಮ್ಮು ಒಬ್ಬರ ಹೆಸರಿನಲ್ಲಿ, ಫೋನು ಇನ್ನೊಬ್ಬರ ಕಿವಿಯಲ್ಲಿ.

ಹುಡುಗಿ ಕರ್ನೂಲಿನಲ್ಲಿ ಲ್ಯಾಬ್ ಟೆಕ್ನಿಶಿಯನ್ ಓದಿದಳು. ತರಬೇತಿಯಲ್ಲಿ ಸಿಕ್ಕ ಸ್ಟೈಪೆಂಡಿನಲ್ಲಿ ಒಂದು ಒಳ್ಳೆಯ ಹ್ಯಾಂಡ್‌ಸೆಟ್ ಕೊಂಡು, ಅದಕ್ಕೆ ಅದೇ ಹಳೆಯ ಸಿಮ್ಮು ಹಾಕಿಕೊಂಡಳು. ಓದು ಮುಗಿಸಿ ಊರಿಗೆ ಬಂದ ಮೇಲೆ ಮಾವನ ಜೊತೆ ಮದುವೆಯ ಮಾತು ಎದ್ದಿತು. ‘ಒಲ್ಲೆ’ ಎಂದಳು. ಅಪ್ಪನಿಗೆ ಹೇಳಿದಳು, ಅವ್ವನಿಗೆ ಹೇಳಿದಳು, ಮಾವನ ಮುಖಕ್ಕೇ ಹೇಳಿದಳು. ಅವಳು ಹೇಳುತ್ತಲೇ ಇದ್ದಳು, ಇವರು ಮುಹೂರ್ತ ಇಡಿಸಿದರು. ಒಂದು ಬೆಳಿಗ್ಗೆ ಬಸ್ಸು ಹತ್ತಿ ಹೋದವಳು ಅಪ್ಪನಿಗೆ ಒಂದು ಮೆಸೇಜು ಕಳಿಸಿದಳು: ಚೆನ್ನಾಗಿದ್ದೇನೆ, ಈ ಮದುವೆ ಆಗುವುದಿಲ್ಲ, ಹುಡುಕಬೇಡಿ.

ಎಲ್ಲರೂ ಮೊದಲು ಬಂದದ್ದು ನನ್ನ ಮನೆಗೇ. ಅಣ್ಣನು ನನ್ನ ಮನೆಯ ಬಚ್ಚಲನ್ನೂ ಬಿಡದೆ ಇಣುಕಿ ನೋಡಿದ. ಅವಳು ನನಗೂ ಹೇಳಿರಲಿಲ್ಲ. ನನಗೆ ಗೊತ್ತಿಲ್ಲ ಎಂದು ಬಾಯಿ ಬಡಿದುಕೊಂಡರೆ ಒಬ್ಬರಾದರೂ ನಂಬಬೇಕಲ್ಲ! ‘ನೀನ ಆಕಿ ತಲಿ ಕೆಡಿಸಿದಾಕಿ’ ಎಂದು ಹೇಳಿ, ನಾನು ಕೊಟ್ಟ ಚಹಾ ಕುಡಿಯದೆ ಎದ್ದುಹೋದ. ತಂಗಿಯ ಮನೆಯ ಚಹಾ ಬಿಟ್ಟು ಹೋದದ್ದು ಅದೇ ಮೊದಲು. ನನಗೆ ಅಳು ಬಂತು, ಸಿಟ್ಟೂ ಬಂತು.

ಆಮೇಲೆ ಒಂದು ಮುಂಜಾನೆ ನಾನು ಕೋರ್ಟಿಗೆ ಹೊರಡುವ ಹೊತ್ತಿಗೆ ಹುಡುಗಿಯೇ ಬಂದು ಬಾಗಿಲಲ್ಲಿ ನಿಂತಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

‘ಅತ್ತೀ, ನಾ ಇಲ್ಲೇ ಆದೋನಿ ಹಾಸ್ಟೆಲ್‌ನ್ಯಾಗ ಇದ್ದೆ. ಈಗ ಮಾವ ಹಾಸ್ಟೆಲ್ ಎದುರಿನ ಚಹಾದಂಗಡ್ಯಾಗ ನಿಂತಾನ. ಸಂಗಾಟ ಪೊಲೀಸಪ್ಪ ಒಬ್ಬ ಅದಾನ. ಹಿಂದಿನ ಬಾಗಿಲಿಂದ ಓಡಿಬಂದೆ.’

‘ಯಾರಿಗೆ ಹೇಳಿದ್ದೆ?’

‘ಯಾರಿಗೂ ಇಲ್ಲ. ಈರಣ್ಣನ ಆಣಿ.’

ಉರುಕುಂದದ ಈರಣ್ಣ ದೇವರ ಮೇಲೆ ಆಣೆ ಇಟ್ಟು ನಮ್ಮವರು ಯಾರೂ ಸುಳ್ಳು ಹೇಳುವುದಿಲ್ಲ. ನನ್ನ ಕಣ್ಣು ಅವಳ ಕೈಯಲ್ಲಿದ್ದ ಫೋನಿನ ಮೇಲೆ ಬಿತ್ತು. ಎಲಾ ಇವನ, ಸಿಮ್ಮಿನ ಜಾಡು ಹಿಡಿದು ಬಂದಿದ್ದಾನೆ! ಟವರು ತೋರಿಸುವುದು ಮನೆಯನ್ನಲ್ಲ, ಒಂದು ಪೇಟೆಯನ್ನು. ಆದರೆ ಆ ಪೇಟೆಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಇರುವುದು ಅದೊಂದೇ. ಹುಡುಕುವುದಕ್ಕೆ ಕಷ್ಟವೇನಿದೆ?

ಫೋನನ್ನು ಬಾವಿಗೆ ಎಸೆದು ಬರುತ್ತೇನೆ ಎಂದಳು. ‘ಎಸದು ಓಡಿದ್ರ ನೀನ ಕಳ್ಳಿ ಆಗ್ತಿ. ನಡಿ, ಸ್ಟೇಷನ್‌ಗೆ ಹೋಗೂಣು’ ಎಂದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ‘ಅಲ್ಲಿಗೆ ಹೋದ್ರ ಹಿಡದು ಮಾವನ ಕೈಯಾಗ ಕೊಟ್ಟಬಿಡ್ತಾರತ್ತಿ. ಊರಿಗೆ ಒಯ್ದು ತಾಳಿ ಕಟ್ಟಿಸಿಬಿಡ್ತಾರ.’

ಅವಳು ಹೇಳಿದ್ದು ಸುಳ್ಳಲ್ಲ. ಹದಿನೆಂಟು ತುಂಬಿ ಮೇಜರ್ ಆದ ಹುಡುಗಿಯರನ್ನು ‘ಬುದ್ಧಿ ಹೇಳಿ ಕಳಿಸಿದೆವು’ ಎಂದು ಅಪ್ಪಂದಿರ ಜೀಪು ಹತ್ತಿಸಿದ್ದನ್ನು ನಾನೇ ಕಂಡಿದ್ದೇನೆ. ಆ ಹುಡುಗಿಯರು ಹಿಂದಿರುಗಿ ನೋಡುತ್ತಾ ಹೋದದ್ದನ್ನೂ ಕಂಡಿದ್ದೇನೆ. ಆದರೆ ಅವಳು ಎಷ್ಟು ಊರು ಬದಲಿಸಿದರೂ ಆ ಸಿಮ್ಮು ಹಿಂದೆಯೇ ಬರುತ್ತದೆ. ನನ್ನ ಚಪ್ಪಲಿ ಅವಳಿಗೆ ಹಾಕಿಕೊಳ್ಳಲು ಕೊಟ್ಟು, ನಾನು ಹಳೆಯದನ್ನು ಹುಡುಕಿಕೊಂಡು, ಆಟೋ ಹತ್ತಿಸಿದೆ.

ಇಲ್ಲಿ ಕಾನೂನನ್ನು ಸ್ವಲ್ಪ ಹೇಳಿಬಿಡುತ್ತೇನೆ. ಒಂದು ನಂಬರು ಯಾವ ಟವರಿನಡಿ ಇದೆ ಎಂಬ ಮಾಹಿತಿಯನ್ನು ಪೊಲೀಸರು ಕಂಪನಿಯಿಂದ ಕೇಳಬಹುದು. ಬೇಡವೆಂದವರು ಯಾರು? ಆದರೆ ಅದು ಯಾವುದೋ ತನಿಖೆಗೆ ಬೇಕಾಗಿರಬೇಕು, ಎಸ್.ಪಿ. ದರ್ಜೆಯ ಅಧಿಕಾರಿಯ ಕಡೆಯಿಂದ ಬರಹದಲ್ಲಿ ಹೋಗಬೇಕು. ಬಂದ ಮಾಹಿತಿ ತನಿಖೆಯ ಫೈಲಿನಲ್ಲೇ ಇರಬೇಕು. ಮನುಷ್ಯರು ಕಾಣೆಯಾದರೆ ಹುಡುಕಲು ದಾರಿಯಿದೆ. ಮೇಜರ್ ಆದವರು ಸಿಕ್ಕರೆ ಅವರ ಇಷ್ಟವೇನೆಂದು ಅವರನ್ನೇ ಕೇಳಿ ಬರೆದುಕೊಳ್ಳಬೇಕು, ಒಲ್ಲೆ ಎಂದರೆ ಬಿಡಬೇಕು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು ಹೇಳಿಯಾಗಿದೆ. ಇದೆಲ್ಲ ದಿಲ್ಲಿಯಲ್ಲಿ ಇದೆ, ನಮ್ಮೂರಿಗೆ ಇನ್ನೂ ಬಸ್ಸು ಹತ್ತಿಲ್ಲ.

ಠಾಣೆ ಯಾವುದೆಂದು ಬರೆಯುವುದಿಲ್ಲ. ನಾವು ಹೋಗುವಷ್ಟರಲ್ಲಿ ಮಾವನೂ ಅಣ್ಣನೂ ಅಲ್ಲಿ ಬೆಂಚಿನ ಮೇಲೆ ಕೂತಿದ್ದರು. ಹಾಸ್ಟೆಲ್ಲಿನಲ್ಲಿ ಹುಡುಗಿ ಸಿಗದೆ ಮಾವ ತಿರುಗಿ ಬಂದಿದ್ದನೆಂದು ಕಾಣುತ್ತದೆ. ಹುಡುಗಿಯನ್ನು ಕಂಡದ್ದೇ ಅಣ್ಣ ಎದ್ದು ನಿಂತ. ಅವನ ಕಣ್ಣು ಕೆಂಪಾಗಿದ್ದವು. ನಾನು ಅವನ ಕಡೆ ನೋಡದೆ ನೇರವಾಗಿ ಎಸ್.ಐ. ಮೇಜಿನ ಮುಂದೆ ಕೂತು, ಈ ಹುಡುಗಿಯ ಲೊಕೇಶನ್ ತರಿಸಿದವರು ಯಾರು ಎಂದು ತೆಲುಗಿನಲ್ಲಿ ಕೇಳಿದೆ.

‘ಏಂ ಮೇಡಂ, ಇಂತ ಚಿನ್ನ ವಿಷಯಾನಿಕಿ ಅಂತ ಕೋಪಮಾ?’ ಎಂದು ನಕ್ಕ. ಸಣ್ಣ ವಿಷಯವಂತೆ! ಹುಡುಗಿಯ ಮಾತೇ ಇಲ್ಲಿ ಬಂದಿಲ್ಲ, ಇವರು ಫೋನು ಕಳೆದಿದೆ ಎಂದು ದೂರು ಕೊಟ್ಟರು, ಹುಡುಕಿಕೊಟ್ಟೆ, ಅಷ್ಟೇ ಎಂದ. ಊರಿನ ದೊಡ್ಡವರೂ ಫೋನ್ ಮಾಡಿ ಹೇಳಿದ್ದರಂತೆ.

ಆಗ ನನಗೆ ಎಲ್ಲ ಹೊಳೆಯಿತು. ಮನೆಯ ಹೆಣ್ಣು ಕಾಣೆಯಾಗಿದೆ ಎಂದು ಠಾಣೆಯಲ್ಲಿ ಬರೆಸಿದರೆ ಮಾನ ಹೋಗುತ್ತದೆ, ನಾಳೆ ಊರಲ್ಲಿ ತಲೆ ಎತ್ತುವ ಹಾಗಿಲ್ಲ. ಅದಕ್ಕೇ ಫೋನು. ಸಿಮ್ಮು ಹೇಗೂ ತನ್ನ ಹೆಸರಿನದು. ಫೋನು ಸಿಕ್ಕರೆ ಹುಡುಗಿ ಸಿಕ್ಕ ಹಾಗೆಯೇ, ಮಾನಕ್ಕೂ ಮೋಸವಿಲ್ಲ. ಏನು ಬುದ್ಧಿ! ನನ್ನ ಮೈಯೆಲ್ಲ ಉರಿದುಹೋಯಿತು. ಅದೇ ಹೊತ್ತಿಗೆ ಒಳಗೊಳಗೇ ಒಂದು ಖುಷಿಯೂ ಆಯಿತು, ಯಾಕೆಂದರೆ ಅವರು ಬರೆಸಿದ ದೂರಿನಲ್ಲಿ ನಮ್ಮ ಹುಡುಗಿಯ ಹೆಸರೇ ಇರಲಿಲ್ಲ.

‘ಎಸ್.ಪಿ. ಆಫೀಸಿನಿಂದ ಬರಹದಲ್ಲಿ ಕೇಳಿಸಿದ್ದಿರಾ?’

ಎಸ್.ಐ. ನಗು ನಿಂತಿತು. ಯಾವುದೋ ಹಳೆಯ ಸೆಕ್ಷನ್ನಿನ ನಂಬರು ಹೇಳಿದ. ಅದು ಈಗ ತೊಂಬತ್ತೊಂದಲ್ಲ ಸ್ವಾಮೀ, ತೊಂಬತ್ನಾಲ್ಕು ಎಂದೆ. ಸಿ.ಆರ್.ಪಿ.ಸಿ. ಹೋಗಿ ಹೊಸ ಸಂಹಿತೆ ಬಂದ ಮೇಲೆ ನಾನೂ ಆ ನಂಬರುಗಳನ್ನು ದಿನಾ ತಪ್ಪುತ್ತೇನೆ, ಆವತ್ತು ಮಾತ್ರ ದೇವರು ನಾಲಿಗೆಯ ಮೇಲೆ ಕೂತಿದ್ದ. ಕೊನೆಗೆ ನಿಜ ಹೊರಬಿತ್ತು. ಟೆಕ್ನಿಕಲ್ ಕೆಲಸ ನೋಡುವ ಪರಿಚಯದವನೊಬ್ಬನಿಗೆ ವಾಟ್ಸಾಪಿನಲ್ಲಿ ನಂಬರು ಕಳಿಸಿದ್ದ, ಅವನು ಟವರು ಹೇಳಿದ್ದ, ಇವನು ಅದನ್ನು ಮಾವನಿಗೆ ಹೇಳಿ ಜೊತೆಗೆ ಒಬ್ಬ ಕಾನ್‌ಸ್ಟೇಬಲನ್ನೂ ಕೊಟ್ಟಿದ್ದ. ಬರಹವಿಲ್ಲ, ಮಂಜೂರಾತಿಯಿಲ್ಲ, ಕೇಳುವವರಿಲ್ಲ.

‘ಗುಡಿಯ ಪ್ರಸಾದವೇನ್ರೀ ಇದು, ಬಂದವರ ಕೈಗೆಲ್ಲ ಹಾಕಲಿಕ್ಕೆ?’ ಎಂದು ನಾನು ಕೂಗಿದ್ದು ಹೊರಗೆ ರಸ್ತೆಗೂ ಕೇಳಿಸಿರಬೇಕು. ಒಬ್ಬ ಕಾನ್‌ಸ್ಟೇಬಲ್ ಬಾಗಿಲಲ್ಲಿ ಇಣುಕಿ ಹೋದ. ‘ಕಳೆಯದ ಫೋನನ್ನು ಕಳೆದಿದೆ ಎಂದು ಸುಳ್ಳು ದೂರು ಕೊಟ್ಟವನನ್ನು ಬೆಂಚಿನ ಮೇಲೆ ಕೂರಿಸಿ ಮರ್ಯಾದೆ ಮಾಡುತ್ತಿದ್ದೀರಿ!’

ಮಾವ ಎದ್ದ. ‘ಅಕ್ಕಾ, ನೀವು ನಡಕ ಬರಬ್ಯಾಡ್ರಿ. ಆಕಿ ನಮ್ಮ ಹುಡುಗಿ. ಎಲ್ಲಿ ಅದಾಳ ಅಂತ ತಿಳಕೊಳ್ಳೋದೂ ತಪ್ಪೇನ್ರಿ? ಜೀವ ತಡೀಲಿಲ್ಲ, ಕೇಳಿದೆ.’

ಅವನ ದನಿಯಲ್ಲಿ ನಿಜವಾದ ಸಂಕಟವಿತ್ತು. ಅದನ್ನು ಕೇಳಿ ನನ್ನ ಸಿಟ್ಟು ಇಳಿಯಲಿಲ್ಲ. ‘ಜೀವ ತಡೀಲಿಲ್ಲಂದ್ರ ಹುಡುಗಿ ಕಾಣವಲ್ಲಳು ಅಂತ ಬರಸಬೇಕಿತ್ತು. ಆಗ ಆಕಿನ್ನ ಕೇಳ್ತಿದ್ರು. ಆಕಿ ಏನಂತಾಳಂತ ನಿನಗ ಗೊತ್ತಿತ್ತು, ಅದಕ್ಕ ಬರಸಲಿಲ್ಲ’ ಎಂದೆ.

ಅಷ್ಟೂ ಹೊತ್ತು ನನ್ನ ಕುರ್ಚಿಯ ಹಿಂದೆ ನಿಂತಿದ್ದ ಹುಡುಗಿ ಮುಂದೆ ಬಂದಳು. ದುಪಟ್ಟಾಕ್ಕೆ ಹಾಕಿದ್ದ ಪಿನ್ನು ತೆಗೆದು, ಫೋನಿನ ಪಕ್ಕದ ತೂತಿಗೆ ಚುಚ್ಚಿ, ಸಿಮ್ಮು ಹೊರತೆಗೆದಳು. ಅದನ್ನು ಮಾವನ ಮುಂದೆ ಮೇಜಿನ ಮೇಲಿಟ್ಟಳು.

‘ಫೋನ್ ನಂದು ಮಾವಾ, ನಾ ದುಡದು ತಗಂಡಿದ್ದು. ನಿಂದು ಇದರಾಗ ಇಷ್ಟ ಐತಿ. ತಗೋ.’

ಮಾವ ಆ ಚೂರನ್ನು ಮುಟ್ಟಲೂ ಇಲ್ಲ. ಅಣ್ಣ ನೆಲ ನೋಡುತ್ತಾ ನಿಂತ. ಎಸ್.ಐ. ಪುಸ್ತಕ ಎಳೆದುಕೊಂಡು, ಆಯಿತು, ಈಗಿರುವ ವಿಳಾಸವನ್ನೂ ಹೊಸ ನಂಬರನ್ನೂ ಕೊಟ್ಟು ಹೋಗಲಿ ಎಂದ. ಯಾವ ಕೇಸಿನಲ್ಲಿ ಎಂದು ಕೇಳಿದೆ. ಅವನಲ್ಲಿ ಕೇಸಿರಲಿಲ್ಲ. ಕಳೆದುಹೋದದ್ದು ದೂರುದಾರನಿಗೆ ಸಿಕ್ಕಿದೆ ಎಂದು ಬರೆದುಕೊಳ್ಳಿ ಎಂದು ಹೇಳಿ, ಹುಡುಗಿಯ ಕೈ ಹಿಡಿದು ಹೊರಗೆ ಬಂದೆ. ಯಾರೂ ತಡೆಯಲಿಲ್ಲ.

ಹೊರಗೆ ಬಂದ ಮೇಲೆ ಅತ್ತಳು. ಬ್ಯಾಂಕು, ಆಧಾರು, ಅರ್ಜಿ ಹಾಕಿದ್ದ ಕೆಲಸಗಳು, ಗೆಳತಿಯರು, ಎಲ್ಲಕ್ಕೂ ಅದೇ ನಂಬರು ಕೊಟ್ಟಿದ್ದಳು. ಒಂದು ಪಿನ್ನಿನ ತುದಿಯಲ್ಲಿ ಎಲ್ಲ ಹೋಯಿತು. ನಾನು ಆ ಎಸ್.ಐ. ಮಾಡಿದ್ದನ್ನು ಮೇಲಧಿಕಾರಿಗಳಿಗೆ ಬರೆದೆ. ಉತ್ತರ ಬಂದಿಲ್ಲ. ಬರುವವರೆಗೆ ಬರೆಯುತ್ತಲೇ ಇರುತ್ತೇನೆ, ನನಗೇನೂ ಬೇಸರವಿಲ್ಲ.

ಠಾಣೆಗೆ ಹೋದ ದಿನವೇ ಸಂಜೆ ಬಸ್‌ಸ್ಟ್ಯಾಂಡಿಗೆ ಹೋಗಿ ಅವಳನ್ನು ಬಿಟ್ಟೆ. ಬಳ್ಳಾರಿಯ ಬಸ್ಸು, ರಾಯಚೂರಿನ ಬಸ್ಸು, ಕರ್ನೂಲಿನ ಬಸ್ಸು ಎಲ್ಲ ನಿಂತಿದ್ದವು. ಹಾಸ್ಟೆಲ್ಲಿನಿಂದ ತರಿಸಿದ ಅವಳ ಚೀಲಕ್ಕೆ ರೊಟ್ಟಿ, ಶೇಂಗಾ ಚಟ್ನಿ ತುರುಕುತ್ತಾ ಹೇಳಿದೆ: ‘ಹೊಸ ಸಿಮ್ಮು ತಗಂಡ ಕೂಡಲೇ ನನಗ ಲೊಕೇಶನ್ ಹಾಕು.’

‘ಯಾಕತ್ತಿ?’

‘ಯಾಕಂದ್ರ? ನಾ ನಿಮ್ಮತ್ತಿ! ಎಲ್ಲಿ ಇದ್ದಿ ಅಂತ ತಿಳೀದಿದ್ದರ ನನಗ ಜೀವ ತಡಿತೈತೇನು?’

ಅವಳು ನನ್ನ ಮುಖ ನೋಡಿದಳು. ‘ಮಾವನೂ ಹಂಗ ಅಂದ’ ಎಂದಳು.

ಆಹಾ, ಎಂಥ ಸಿಟ್ಟು ಬಂತು ಗೊತ್ತೇ! ಇವಳಿಗಾಗಿ ಒಡಹುಟ್ಟಿದ ಅಣ್ಣನನ್ನು ಎದುರು ಹಾಕಿಕೊಂಡೆ, ಠಾಣೆಯಲ್ಲಿ ಗಂಟಲು ಹರಿದುಕೊಂಡೆ, ನನ್ನನ್ನೂ ಅವನ ಸಾಲಿಗೆ ಸೇರಿಸಿದಳಲ್ಲ! ‘ಹಾಳಾಗಿ ಹೋಗು, ನನಗೇನು’ ಎಂದು ತಿರುಗಿ ನಡೆದೇಬಿಟ್ಟೆ. ಆದರೆ ಗೇಟು ದಾಟಲಿಲ್ಲ, ಅಲ್ಲೇ ಬೆನ್ನು ಮಾಡಿ ನಿಂತೆ. ಅವಳು ಯಾವ ಬಸ್ಸು ಹತ್ತಿದಳೆಂದು ತಿರುಗಿ ನೋಡಿದರೆ ಗೊತ್ತಾಗುತ್ತಿತ್ತು. ಬಸ್ಸುಗಳು ಒಂದೊಂದಾಗಿ ನನ್ನ ಪಕ್ಕದಲ್ಲೇ ಹೋದವು. ನಾನು ಕಣ್ಣು ಮುಚ್ಚಿಕೊಂಡೆ.

ಅವಳು ಎಲ್ಲಿದ್ದಾಳೆಂದು ಅಣ್ಣ ಮತ್ತೆ ಬಂದು ಕೇಳಿದ. ಗೊತ್ತಿಲ್ಲ ಎಂದೆ. ಈ ಸಲ ಚಹಾ ಕುಡಿದು ಹೋದ. ಬಹಳ ದಿನದ ಮೇಲೆ ಗುರುತಿಲ್ಲದ ನಂಬರಿನಿಂದ ಫೋನು ಬಂತು. ‘ಅತ್ತೀ, ಉಂಡ್ಯೇನು?’ ಎಂದಿತು ಆ ದನಿ. ಎಲ್ಲಿದ್ದೀಯೇ ಎಂಬ ಮಾತು ನನ್ನ ತುಟಿಯವರೆಗೂ ಬಂತು. ನುಂಗಿಕೊಂಡು, ‘ಉಂಡೆನವಾ, ನೀ ಉಂಡ್ಯೇನು?’ ಎಂದು ಕೇಳಿದೆ.